ಅಕ್ಕನ ಮಗನ ಮೆಟಲ್ ಬ್ಯಾಂಡಿಗೆ ನಾನು ಬರೆದ ಎರಡು ಪುಟ

ಮೆಟ್ರೊದಲ್ಲಿ ನಿಂತಿದ್ದೆ. ದಾವಣಗೆರೆಯಿಂದ ಅಕ್ಕನ ಮಗ ನಾಲ್ಕು ಹಾಡು ಕಳಿಸಿದ್ದ. ಅವನ ಮೆಟಲ್ ಬ್ಯಾಂಡಿನ ಮೊದಲ ರೆಕಾರ್ಡಿಂಗು. ಮೆಟಲ್ ಅಂದರೆ ಗಿಟಾರು, ಡ್ರಮ್ಮು ಗುಡುಗುವ ಅಬ್ಬರದ ರಾಕ್ ಸಂಗೀತ. ಕೆಳಗೆ ಒಂದೇ ಸಾಲು: "ಮಾಮ, ಕೇಳಿ ನಿಜ ಹೇಳು." ಮೊದಲ ಹಾಡನ್ನು ಹದಿನೈದು ಸೆಕೆಂಡು ಕೇಳಿದೆ. ಹಿಂದಿನವರ ಬ್ಯಾಗು ಬೆನ್ನಿಗೆ ಒತ್ತುತ್ತಿತ್ತು. "ಸೂಪರ್ ಕಣೋ" ಅಂತ ಬರೆದು ಫೋನ್ ಜೇಬಿಗೆ ಹಾಕಿಕೊಂಡೆ.

ಹತ್ತು ದಿನ ಬಿಟ್ಟು ಅಕ್ಕನ ಫೋನ್ ಬಂತು. "ನೀನು ಸೂಪರ್ ಅಂದ್ಯಂತೆ? ಅದಕ್ಕೇ ಇವರು ನಾಲ್ಕೂ ಜನ ದುಡ್ಡು ಸೇರಿಸಿ ಮಾಸ್ಟರಿಂಗೋ ಏನೋ ಮಾಡಿಸ್ತಾರಂತೆ. ಮೂವತ್ತು ಸಾವಿರವಂತೆ. ಕೊಡಬಹುದೇನೋ?"

ಬೆವರು ಬಂತು. ಮಾಸ್ಟರಿಂಗ್ ಅಂದರೆ ಹಾಡೆಲ್ಲ ಕೂಡಿಸಿ ಮುಗಿದ ಮೇಲೆ ಕೊನೆಗೆ ಹೊಡೆಯುವ ಪಾಲಿಶ್. ಹುಳ ಹಿಡಿದ ಬಾಗಿಲಿಗೂ ಪಾಲಿಶ್ ಹೊಡೆಯಬಹುದು, ಹೊಳೆಯುತ್ತದೆ, ಹುಳ ಮಾತ್ರ ಒಳಗೇ ಇರುತ್ತದೆ. ಇವರ ಹಾಡಿನಲ್ಲಿ ಹುಳ ಇದೆಯೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲವಲ್ಲ. "ಅಕ್ಕ, ಹದಿನೈದು ದಿನ ತಡೀಲಿ ಅಂತ ಹೇಳು" ಅಂದೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಧಾರಾವಾಹಿಗಳ ಡಬ್ಬಿಂಗ್ ನಡೆಯುವ ಕಡೆ ಸೌಂಡ್ ಕೆಲಸ ಮಾಡುತ್ತೇನೆ. ಅತ್ತೆ ಸೊಸೆ ಜಗಳದ ಹಿಂದೆ ಕೇಳುವ ಫ್ಯಾನ್ ಸದ್ದು ತೆಗೆಯೋದು ನನ್ನ ಹೊಟ್ಟೆಪಾಡು. ಮೆಟಲ್ ನನ್ನ ಹುಚ್ಚು. 2007ರ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದು ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದಾಗ ಆ ಗುಂಪಿನಲ್ಲಿ ನಾನೂ ಇದ್ದೆ. ಮಾರನೇ ದಿನ ಕುತ್ತಿಗೆ ತಿರುಗಲಿಲ್ಲ. ಅದೇ ವರ್ಷ ನಾವೂ ಕಾಲೇಜಿನಲ್ಲಿ ಒಂದು ಬ್ಯಾಂಡ್ ಕಟ್ಟಿದೆವು. ಸಿಡಿ ಮಾಡಿ ಸಿಕ್ಕಸಿಕ್ಕವರಿಗೆಲ್ಲ ಹಂಚಿದೆವು. ಎಲ್ಲರೂ ಚೆನ್ನಾಗಿದೆ ಅಂದರು. ಆರು ವರ್ಷ ಬಿಟ್ಟು ಕೇಳಿದರೆ ನನ್ನ ಗಿಟಾರು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೂ ಶ್ರುತಿ ತಪ್ಪಿತ್ತು. ಅಷ್ಟು ಜನರಲ್ಲಿ ಒಬ್ಬನಾದರೂ ಹೇಳಬಾರದಿತ್ತಾ?

ಇರಲಿ. ಹುಡುಗರು ಕಳಿಸಿದ್ದು 128 ಕೆಬಿಪಿಎಸ್‌ನ ಎಂಪಿ3. ಅಷ್ಟು ಹಿಂಡಿದರೆ ಮೊದಲು ಸಾಯೋದು ಸಿಂಬಲ್, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆಯ ಸದ್ದು. ಸಿಂಬಲ್ ಬಾರಿಸಿದ್ದೋ ನಲ್ಲಿ ಬಿಟ್ಟಿದ್ದೋ ಗೊತ್ತಾಗಲ್ಲ. ಅದನ್ನು ಕೇಳಿ ಡ್ರಮ್ಮರನ್ನು ಬೈದರೆ ಅನ್ಯಾಯ. "ಹಿಂಡದೇ ಇರೋ ವೇವ್ ಫೈಲ್ ಕಳಿಸು. ಗಿಟಾರು, ಬಾಸು, ಡ್ರಮ್ಮು, ಗಂಟಲು, ಬಿಡಿಬಿಡಿಯಾಗೂ ಕಳಿಸು" ಅಂದೆ. ಎರಡು ದಿನಕ್ಕೆ ಬಂತು. ಅದರ ಜೊತೆ ತಪ್ಪಿ ಇನ್ನೊಂದು ಫೈಲೂ ಬಂದಿತ್ತು. ಪ್ರಾಕ್ಟೀಸ್ ಮಾಡುವಾಗ ಫೋನಿನಲ್ಲಿ ಹಿಡಿದದ್ದು. ಅದು ಆಮೇಲೆ ಕೆಲಸಕ್ಕೆ ಬಂತು.

ಮೊದಲ ಸಲ ಪೆನ್ನು ಹಿಡಿಯದೆ ಕೇಳಿದೆ. ರಾತ್ರಿ ಊಟ ಆದಮೇಲೆ ನಡೆಯುತ್ತಾ ನಾಲ್ಕೂ ಹಾಡು. ತಪ್ಪು ಹುಡುಕಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಮರುದಿನ ಏನು ನೆನಪಿರುತ್ತದೋ ಅದೇ ಹಾಡಿನ ಆಸ್ತಿ. ಬೆಳಗ್ಗೆ ಪಾತ್ರೆ ತೊಳೆಯುವಾಗ ಎರಡನೇ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಗುನುಗುತ್ತಿದ್ದೆ. "ಏನ್ರೀ ಅದು, ಭಜನೆ ಇದ್ದಂಗಿದೆ?" ಅಂತ ಹೆಂಡತಿ ಕೇಳಿದಳು. ಕೈ ನಿಲ್ಲಿಸಿ ಎಣಿಸಿದೆ. ಮೂರು, ನಾಲ್ಕು. ಮೂರು, ನಾಲ್ಕು. ಏಳು ಮಾತ್ರೆ. ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ! ಇಪ್ಪತ್ತು ವರ್ಷದ ಹುಡುಗರು ಗಿಟಾರಿನ ಸದ್ದನ್ನು ಒರಟಾಗಿ ಒಡೆಸುವ ಡಿಸ್ಟಾರ್ಷನ್ ಹಾಕಿಕೊಂಡು ಮಿಶ್ರ ಛಾಪು ನುಡಿಸಿದ್ದಾರೆ. ಅದನ್ನು ಹುಡುಗರಿಗೆ ಕೊಡಬೇಕಾದ ಚೀಟಿಯಲ್ಲಿ ಮೊದಲು ಬರೆದೆ. ಬರೀ ಚೆನ್ನಾಗಿದೆ ಅಂತಲ್ಲ. "ಎರಡನೇ ಹಾಡು, 0:48ರ ರಿಫ್. ಪಾತ್ರೆ ತೊಳೆಯುವಾಗಲೂ ಬಿಡಲಿಲ್ಲ" ಅಂತ.

ಎರಡನೇ ಸುತ್ತಿಗೆ ಪೆನ್ನು ಹಿಡಿದೆ. ಕಾರಿನಲ್ಲಿ ಕೇಳಿದೆ, ಕೆಲಸದ ಜಾಗದ ಸ್ಪೀಕರಿನಲ್ಲಿ ಕೇಳಿದೆ, ಅಡುಗೆಮನೆಯ ಪುಟ್ಟ ಬ್ಲೂಟೂತ್ ಡಬ್ಬಿಯಲ್ಲೂ ಕೇಳಿದೆ. ಕಾರಿನಲ್ಲಿ ಗಿಟಾರು ಎರಡೂ ಕಡೆ ಅಗಲವಾಗಿ ಕೇಳಿಸುತ್ತಿತ್ತು. ಅಡುಗೆಮನೆಗೆ ಬಂದರೆ ಯಾರೋ ಬಾವಿಯೊಳಗೆ ಕೂತು ನುಡಿಸಿದ ಹಾಗೆ. ದೆವ್ವ ಇಲ್ಲಿದೆ ಅನ್ನಿಸಿತು.

ಮೆಟಲ್‌ನಲ್ಲಿ ಗಿಟಾರು ದಪ್ಪ ಆಗೋದು ಹೇಗೆ ಅಂದರೆ, ಒಂದೇ ರಿಫ್ಫನ್ನು ಎರಡು ಸಲ ನುಡಿಸುತ್ತಾರೆ. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುತ್ತಾರೆ. ಎಷ್ಟೇ ನಿಖರವಾಗಿ ನುಡಿಸಿದರೂ ಮನುಷ್ಯನ ಕೈ ಎರಡನೇ ಸಲ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಆ ಕೂದಲೆಳೆಯಿಂದಲೇ ಅಗಲ. ನನಗೆ ಅನುಮಾನ ಬಂದು ಇವರ ಎಡ ಬಲ ಟ್ರ್ಯಾಕುಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟೆ. ಬಲಗಡೆಯದು 20 ಮಿಲಿಸೆಕೆಂಡು ಹಿಂದೆ ಇತ್ತು. ಎಳೆದು ಸಮ ಮಾಡಿದೆ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಹಾಕಬೇಕು. ಪೂರ್ತಿ ಮೌನ. ಒಂದು ಕಡ್ಡಿ ಬಿದ್ದ ಸದ್ದೂ ಇಲ್ಲ. ಎರಡು ಸಲ ನುಡಿಸಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ. ಒಂದು ಸಲ ನುಡಿಸಿ, ಕಾಪಿ ಮಾಡಿ, ಸ್ವಲ್ಪ ಸರಿಸಿ ಅಂಟಿಸಿದ್ದರು. ಎರಡು ಸ್ಪೀಕರಿನಲ್ಲಿ ಇದು ಕಿವಿಗೆ ಮೋಸ ಮಾಡುತ್ತದೆ. ಒಂದೇ ಸ್ಪೀಕರಿಗೆ ಬಂದಾಗ ಎರಡೂ ಸೇರಿ ಒಂದನ್ನೊಂದು ಅಲ್ಲಲ್ಲಿ ತಿಂದುಹಾಕುತ್ತವೆ. ನಮ್ಮಲ್ಲಿ ಬಹಳಷ್ಟು ಜನ ಹಾಡು ಕೇಳೋದು ಫೋನಿನಲ್ಲಿ, ಇಂಥ ಡಬ್ಬಿಗಳಲ್ಲಿ. ಇದನ್ನು ಯಾವ ಮಾಸ್ಟರಿಂಗೂ ಸರಿ ಮಾಡಲ್ಲ.

ಶ್ರುತಿಯದ್ದೂ ಒಂದು ಕಥೆ. ಇವರು ಡ್ರಾಪ್ ಸಿ ಇಟ್ಟುಕೊಂಡಿದ್ದಾರೆ. ಅಂದರೆ ಗಿಟಾರಿನ ದಪ್ಪ ತಂತಿಯನ್ನು ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಇಳಿಸಿದ್ದಾರೆ, ಮಿಕ್ಕವನ್ನು ಎರಡೆರಡು. ಆದರೆ ಹಾಕಿರೋದು ಅಂಗಡಿಯಲ್ಲಿ ಸಿಗುವ ಮಾಮೂಲಿ 10-46 ಸೆಟ್, ಅಂದರೆ ತೆಳು ತಂತಿ. ಅಷ್ಟು ಇಳಿಸಿದರೆ ತಂತಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. ಬಲವಾಗಿ ಹೊಡೆದ ಕ್ಷಣ ಸ್ವರ ಮೇಲೆ ಹಾರಿ, ಆಮೇಲೆ ನಿಧಾನಕ್ಕೆ ಜಾಗಕ್ಕೆ ಬಂದು ಕೂರುತ್ತದೆ. ಟ್ಯೂನರ್ ತೋರಿಸೋದು ಕೂತ ಮೇಲಿನ ಸ್ವರವನ್ನು. ಇವರ ರಿಫ್ಫಿನಲ್ಲಿ ಕೂರೋಕೆ ಪುರುಸೊತ್ತೇ ಇಲ್ಲ. ಅಳೆದರೆ ಹೊಡೆತದ ಹೊತ್ತಿಗೆ ಸುಮಾರು 20 ಸೆಂಟ್ ಮೇಲಿತ್ತು, ಒಂದು ಸೆಮಿಟೋನಿನ ಐದನೇ ಒಂದು ಪಾಲು. ಕೆಳಗೆ ಬಾಸ್ ಗಿಟಾರು ಸರಿಯಾದ ಶ್ರುತಿಯಲ್ಲಿ ನಿಂತಿದೆ. ಎರಡೂ ಸೇರಿ ಹುಳಿ ಮಜ್ಜಿಗೆ. ಪರಿಹಾರ ಅಂದರೆ 12-56ರಂಥ ದಪ್ಪ ತಂತಿ. ಮೂವತ್ತು ಸಾವಿರದಲ್ಲಿ ಒಂದು ಸಣ್ಣ ಚೂರು ಸಾಕು.

ಡ್ರಮ್ಮು ಕಂಪ್ಯೂಟರಿನದು. ಬಾರಿಸುವವನು ಇದ್ದಾನೆ, ಸೆಟ್ಟೂ ಇದೆ. ಆದರೆ ಇವರ ಹತ್ತಿರ ಇರುವ, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಇಂಟರ್‌ಫೇಸಿಗೆ ಎರಡೇ ಮೈಕು ಚುಚ್ಚಬಹುದು. ಹಾಗಾಗಿ ಅವನೇ ಕೂತು ಮೌಸಿನಿಂದ ಒಂದೊಂದೇ ಪೆಟ್ಟು ಬರೆದಿದ್ದಾನೆ. ಅದು ತಪ್ಪಲ್ಲ, ದೊಡ್ಡವರೂ ಮಾಡುತ್ತಾರೆ. ಆದರೆ ಪ್ರತಿ ಪೆಟ್ಟೂ 127. ಕಂಪ್ಯೂಟರಿಗೆ ಸ್ವರ, ಪೆಟ್ಟು ಬರೆದು ಕೊಡುವ ಮಿಡಿ ಭಾಷೆಯಲ್ಲಿ ಪೆಟ್ಟಿನ ಜೋರಿಗೆ ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ. ಎಲ್ಲವೂ ಜೋರಾದರೆ ಯಾವುದೂ ಜೋರಲ್ಲ, ಹೊಲಿಗೆ ಯಂತ್ರದ ಸದ್ದು. ನಾಲ್ಕನೇ ಹಾಡಿನ ವೇಗ ನಿಮಿಷಕ್ಕೆ 220 ಬೀಟು. ಡಬಲ್ ಕಿಕ್ಕು, ಅಂದರೆ ಎರಡೂ ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ಒಂದು ಬೀಟಿಗೆ ನಾಲ್ಕು. ಲೆಕ್ಕ ಹಾಕಿದರೆ ಸೆಕೆಂಡಿಗೆ 14ಕ್ಕಿಂತ ಹೆಚ್ಚು. ಜಗತ್ತಿನಲ್ಲಿ ಇದನ್ನು ಕಾಲಲ್ಲಿ ಬಾರಿಸುವವರು ಇದ್ದಾರೆ. ಈ ಹುಡುಗ ಬಾರಿಸುತ್ತಾನಾ?

ಇಲ್ಲಿ ಕೆಲಸಕ್ಕೆ ಬಂದಿದ್ದು ಆ ತಪ್ಪಿ ಬಂದ ಫೋನ್ ರೆಕಾರ್ಡಿಂಗು. ಅದೇ ನಾಲ್ಕನೇ ಹಾಡು. ಫೋನು ಹೆದರಿ ಸದ್ದನ್ನು ತಾನೇ ಏರಿಸಿ ಇಳಿಸಿ ಮಾಡಿದೆ, ಹಾಡುವವನು ಕೇಳಿಸೋದೇ ಇಲ್ಲ. ಕೇಳೋಕೆ ಆಗದಂಥ ರೆಕಾರ್ಡಿಂಗು. ಆದರೆ ವೇಗ ಅಳೆಯಬಹುದಲ್ಲ? 176ರಲ್ಲಿ ಶುರುವಾಗಿ 188ಕ್ಕೆ ಮುಗಿಯುತ್ತದೆ. ಹುಡುಗನ ಕಾಲು ಏನು ಮಾಡಬಲ್ಲದು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು. ಇನ್ನೂ ಒಂದು ಸಿಕ್ಕಿತು. ಆ ವೇಗದಲ್ಲಿ ಹಾಡಿನ ನಡುವಿನ ರಿಫ್ಫಿಗೆ ಭಾರ ಇತ್ತು. 220ರಲ್ಲಿ ಅದು ಸೊಳ್ಳೆ ಓಡಿಸುವ ಹಾಗೆ ಕೇಳುತ್ತದೆ.

ಈಗ ಗಂಟಲಿನ ವಿಷಯ. ಗರ್ಜಿಸಿದ ಹಾಗೆ ಹಾಡುವ ಗ್ರೌಲ್ ಮಾಡೋದು ಹೇಗೆ ಅಂತ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ನೋವಾದರೆ ನಿಲ್ಲಿಸು, ಕಲಿಸುವವರನ್ನು ಹುಡುಕು ಅಂತಷ್ಟೇ ಬರೆದೆ. ಆದರೆ ದಿನವಿಡೀ ಕನ್ನಡ ಮಾತು ತಿದ್ದುವವನಿಗೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಮೂರನೇ ಹಾಡಿನಲ್ಲಿ 'ಕೊಲೆ' ಅನ್ನುವ ಪದ ಎಂಟು ಸಲ ಬರುತ್ತದೆ. ಅವನು 'ಕೊ' ಅನ್ನೋದನ್ನು ಎರಡು ಬೀಟು ಎಳೆದಿದ್ದ. ಕೋಓಓಲೆ, ಕೋಓಓಲೆ. ಅವರ ತಲೆಯಲ್ಲಿ ರಕ್ತ ಹರಿಯುತ್ತಿತ್ತು. ನನ್ನ ಕಣ್ಣ ಮುಂದೆ ಹೆಂಗಸರು ಬಣ್ಣದ ಕೋಲು ಹಿಡಿದು ಸುತ್ತುತ್ತಿದ್ದರು. ಕೋಲು ಕೋಲೆನ್ನ ಕೋಲೆ!

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ, ಆಮೇಲೆ ಯೋಚಿಸಿದೆ. ಇದು ಅವನ ತಪ್ಪಲ್ಲ. ಅವನು ಕಲಿತಿದ್ದು ಇಂಗ್ಲಿಷ್ ಹಾಡುಗಳಿಂದ. ಅಲ್ಲಿ ಮೊದಲ ಸ್ವರವನ್ನು ಹೇಗೆ ಬೇಕಾದರೂ ಎಳೆಯಬಹುದು. ಕನ್ನಡದಲ್ಲಿ ಹ್ರಸ್ವ ಎಳೆದರೆ ಪದವೇ ಬದಲಾಗುತ್ತದೆ. ನಡು ನಾಡಾಗುತ್ತದೆ, ಕಡು ಕಾಡಾಗುತ್ತದೆ. ಎಳೆಯಬೇಕು ಅಂತಿದ್ದರೆ ಕೊನೆಯ ಸ್ವರ ಎಳೆ. ಕೊಲೇಏಏ. ಪದ ಉಳಿಯುತ್ತದೆ, ಭಯವೂ ಬರುತ್ತದೆ. ನಮ್ಮ ಪದಗಳೆಲ್ಲ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯೋದು ಇಲ್ಲಿ ಲಾಭ. ಇನ್ನೊಂದು ಲಾಭ ಒತ್ತಕ್ಷರ. ಸುಟ್ಟ, ಸತ್ತ, ಕತ್ತಲು. 'ಸುಟ್ಟ' ಅನ್ನುವಾಗ ನಾಲಿಗೆ ಒಂದು ಕ್ಷಣ ಉಸಿರು ಕಟ್ಟಿ ಬಿಡುತ್ತದೆ. ಬಿಡುವ ಆ ಕ್ಷಣಕ್ಕೆ ಸರಿಯಾಗಿ ಕಿಕ್ ಡ್ರಮ್ ಬಿದ್ದರೆ ಎದೆಗೆ ಗುದ್ದಿದ ಹಾಗಿರುತ್ತದೆ. ಚೀಟಿಯ ಅರ್ಧ ಪುಟ ಇದಕ್ಕೇ ಹೋಯಿತು. ನನಗೇ ಖುಷಿ ಕೊಟ್ಟ ಭಾಗ ಇದೊಂದೇ.

ಸದ್ದಿನ ಮಟ್ಟದ ಬಗ್ಗೆ ಒಂದೇ ಸಾಲು ಬರೆದೆ. ಇವರ ಹಾಡು -6 ಎಲ್‌ಯುಎಫ್‌ಎಸ್ ಇತ್ತು. ಅದು ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. -6 ಅಂದರೆ ಕಿವಿ ಹರಿಯುವಷ್ಟು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲವನ್ನೂ -14ರ ಸುತ್ತ ತಂದು ಕೂರಿಸುತ್ತದೆ. ಎಂಟು ಡೆಸಿಬೆಲ್ಲಿಗೋಸ್ಕರ ಡ್ರಮ್ಮಿನ ಪೆಟ್ಟನ್ನೆಲ್ಲ ಜಜ್ಜಿ, ಕೊನೆಗೆ ಅದನ್ನೂ ಅವರು ಇಳಿಸಿಬಿಟ್ಟರೆ ಏನು ಬಂತು?

ಬರೆದು ಮುಗಿಸಿದಾಗ ಮೂವತ್ತೊಂದು ಅಂಶ ಆಗಿತ್ತು. ಓದಿದೆ. ಡಾಕ್ಟರ ರಿಪೋರ್ಟ್ ಇದ್ದ ಹಾಗಿತ್ತು. ಇದನ್ನು ಇಪ್ಪತ್ತನೇ ವಯಸ್ಸಿನಲ್ಲಿ ನನಗೆ ಯಾರಾದರೂ ಕೊಟ್ಟಿದ್ದರೆ ಗಿಟಾರು ಮಾರಿಬಿಡುತ್ತಿದ್ದೆ. ಮೊದಲು ಹೊಗಳು, ನಡುವೆ ತೆಗಳು, ಕೊನೆಗೆ ಮತ್ತೆ ಹೊಗಳು ಅನ್ನುತ್ತಾರೆ ಕೆಲವರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮೊದಲ ಹೊಗಳಿಕೆ ಶುರುವಾದ ಕೂಡಲೇ ಹುಡುಗರು "ಆದರೆ" ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂರುತ್ತಾರೆ. ಹೊಗಳಿದ್ದು ನಿಜವೇ ಆಗಿದ್ದರೂ ಕಿವಿಗೆ ಬೀಳಲ್ಲ. ಬೇರೆ ರೀತಿ ಕತ್ತರಿಸಿದೆ. ಇವರೇ ಕೈಯಾರೆ, ಹೆಚ್ಚು ದುಡ್ಡಿಲ್ಲದೆ ಸರಿ ಮಾಡಬಹುದಾದದ್ದು ಮಾತ್ರ ಉಳಿಸಿದೆ. ಎರಡು ಪುಟಕ್ಕೆ ಬಂತು. ಮಿಕ್ಕಿದ್ದನ್ನು ಹರಿದೆ.

ದುಗ್ಗಮ್ಮನ ಜಾತ್ರೆಗೆ ಹೇಗೂ ಊರಿಗೆ ಹೋಗುವುದಿತ್ತು. ಫೋನಿನಲ್ಲಿ ಬೇಡ, ಎದುರಿಗೇ ಹೇಳೋಣ ಅಂದುಕೊಂಡೆ. ಅವರ ಪ್ರಾಕ್ಟೀಸ್ ರೂಮು ಒಂದು ಗೋದಾಮಿನ ಮೇಲಿದೆ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದಾರೆ. "ಇದರಿಂದ ಸೌಂಡ್ ಹೊರಗೆ ಹೋಗಲ್ಲ ಅಂಕಲ್" ಅಂದ ಒಬ್ಬ. ಹೋಗುತ್ತೆ ಕಣಪ್ಪಾ, ಕೆಳಗೆ ಬೀದಿಯಿಂದಲೇ ಕೇಳಿಸಿಕೊಂಡು ಬಂದೆ. ಮೊಟ್ಟೆ ಟ್ರೇ ಒಳಗಿನ ಚೂಪು ಸದ್ದನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ ಅಷ್ಟೇ, ಗೋಡೆಗೆ ಭಾರ ಕೊಡಲ್ಲ. ಹಳೇ ಹತ್ತಿ ಹಾಸಿಗೆ ನಾಲ್ಕು ತಂದು ಮೂಲೆಗೆ ನಿಲ್ಲಿಸಿದ್ದರೆ ಒಳಗಿನ ಗುಂಯ್ ಅನ್ನೋದಾದರೂ ಕಡಿಮೆ ಆಗೋದು. ಹತ್ತಿ ಗಿರಣಿಗಳ ಊರಲ್ಲಿ ಹುಟ್ಟಿ ಮೊಟ್ಟೆ ಟ್ರೇ ಅಂಟಿಸುತ್ತೀರಲ್ಲೋ ಅಂದೆ. ಎಲ್ಲರೂ ನಕ್ಕರು.

ನಕ್ಕಿದ್ದೇ ನನಗೆ ಧೈರ್ಯ ಕೊಟ್ಟಿತು. ಆ ಧೈರ್ಯದಲ್ಲೇ ತಪ್ಪು ಮಾಡಿದೆ.

ನೆಲದ ಮೇಲೆ ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ ಹರಡಿಕೊಂಡು ಕೂತಿದ್ದೆವು. ಮಿಶ್ರ ಛಾಪಿನ ಮಾತು ಹೇಳಿದೆ. ಡ್ರಮ್ಮರಿಗೆ ಆ ಹೆಸರೇ ಗೊತ್ತಿರಲಿಲ್ಲ, "ಸುಮ್ನೆ ಕೈಗೆ ಬಂತು" ಅಂದ. ಕೋಲಾಟದ ಕಥೆ ಹೇಳಿದೆ. ಹಾಡುವವನು ಮೊದಲು ಕೆಂಪಾದ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಅಲ್ಲೇ ಕೊಲೇಏಏ ಅಂತ ಕೂಗಿ ನೋಡಿದ. ಕೆಳಗಿನ ಗೋದಾಮಿನವರು ಹೆದರಿ ಮೇಲೆ ಬಂದರು.

ಆಮೇಲೆ ಗಿಟಾರಿನ ವಿಷಯ ತೆಗೆದೆ. ಲ್ಯಾಪ್‌ಟಾಪಿನಲ್ಲಿ ಎಡ ಬಲ ಕೂಡಿಸಿ ಆ ಮೌನವನ್ನು ಕೇಳಿಸಿದೆ. ನನಗೆ ಅದು ಒಂದು ಚಂದದ ಪ್ರಯೋಗ. ಗಿಟಾರ್ ಹುಡುಗನಿಗೆ ಅದು ಎಲ್ಲರ ಮುಂದೆ ಕಳ್ಳತನ ಹಿಡಿದ ಹಾಗೆ. ನಾಲ್ಕು ತಿಂಗಳು ಕೂತು ಟ್ರ್ಯಾಕುಗಳನ್ನೆಲ್ಲ ಕೂಡಿಸಿ ಮಿಕ್ಸ್ ಮಾಡಿದ್ದೂ ಅವನೇ ಅಂತ ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ಕಾಪಿ ಮಾಡಿದ್ದು ಮಿಕ್ಕ ಮೂವರಿಗೂ ಗೊತ್ತಿರಲಿಲ್ಲ. ನನ್ನ ಅಕ್ಕನ ಮಗ ಅವನ ಮುಖ ನೋಡಿದ.

"ಎರಡು ಸಲ ನುಡಿಸಿದ್ದೀನಿ ಅಂದಿದ್ದೆಯಲ್ಲೋ?"

ಅವನು ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದ, "ತಂತಿ ಸಡಿಲ ಅಂತೀರ. ಟೋನಿ ಐಯೋಮಿ ಸಡಿಲ ಮಾಡಿಕೊಂಡೇ ನುಡಿಸಿದ್ದು ಅಲ್ವಾ ಅಂಕಲ್?"

ಮಾತು ನಿಜವೇ. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಐಯೋಮಿ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡವರು. 1971ರ ಹೊತ್ತಿಗೆ ಗಿಟಾರನ್ನು ಮೂರು ಸೆಮಿಟೋನ್ ಇಳಿಸಿ ನುಡಿಸುತ್ತಿದ್ದರು. "ಹೌದು, ಆದರೆ ಆ ಹಾಡುಗಳ ವೇಗ ಬೇರೆ..." ಅಂತ ಶುರು ಮಾಡಿದೆ. ಅವನು ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಬೈಕು ಶುರುವಾದ ಸದ್ದು ಬಂತು. ಮೊಟ್ಟೆ ಟ್ರೇ ಅದನ್ನೂ ತಡೆಯಲಿಲ್ಲ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಆ ಒಂದು ಮಾತನ್ನು ಅವನನ್ನು ಪಕ್ಕಕ್ಕೆ ಕರೆದು, ಚಹಾದ ಅಂಗಡಿಯಲ್ಲಿ ಹೇಳಬಹುದಿತ್ತು. ಮೂವತ್ತೊಂದರಲ್ಲಿ ಯಾವುದನ್ನು ಹರಿಯಬೇಕು ಅಂತ ಅಷ್ಟು ಹೊತ್ತು ಯೋಚಿಸಿದ್ದೆ. ಯಾವುದನ್ನು ಯಾರ ಎದುರು ಹೇಳಬೇಕು ಅಂತ ಒಂದು ನಿಮಿಷ ಯೋಚಿಸಿರಲಿಲ್ಲ.

ಮಿಕ್ಕ ಮೂವರ ಜೊತೆ ಇನ್ನೊಂದು ಗಂಟೆ ಕೂತೆ. ಡ್ರಮ್ಮರನ್ನು ಕೇಳಿದೆ, "ನಾಲ್ಕನೇದು ನೀನು ಬಾರಿಸ್ತೀಯಾ?" ಅವನು ತಲೆ ಕೆರೆದುಕೊಂಡ. "ಆಗಲ್ಲ. 180ರವರೆಗೆ ಹೆಂಗೋ ಆಗ್ತದೆ." ಹಾಗಾದರೆ 180ಕ್ಕೆ ಇಳಿಸಿ, ಫೋನಿನಲ್ಲಿರೋದೇ ನಿಮ್ಮ ನಿಜವಾದ ವೇಗ ಅಂದೆ. ಅಕ್ಕನ ಮಗನ ಬಾಸು ಎಲ್ಲೂ ಕೇಳಿಸುತ್ತಿರಲಿಲ್ಲ. ಅದನ್ನು ಹೇಳಿದರೆ ಅವನದೊಂದು ವಾದ. 1988ರ ಮೆಟಾಲಿಕಾ ಬ್ಯಾಂಡಿನ ಆಲ್ಬಮ್ಮಿನಲ್ಲೂ ಬಾಸ್ ಕೇಳಿಸಲ್ಲವಲ್ಲ ಮಾಮ ಅಂತ. ಅದನ್ನು ಜನ ಇವತ್ತಿಗೂ ಬೈತಾರೆ ಕಣೋ, ಅದನ್ನೇ ಯಾಕೆ ಕಲೀತೀಯ ಅಂದೆ. ಗಿಟಾರಿನಿಂದ 100 ಹರ್ಟ್ಜ್ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ, ಸದ್ದು ಒಡೆಸುವ ಗೇನನ್ನು ಅರ್ಧಕ್ಕೆ ಇಳಿಸಿ ತೋರಿಸಿದೆ. ಬಾಸು ಮೇಲೆದ್ದು ಬಂತು. ಅವನು ಕೇಳಿಸಿಕೊಂಡು, "ಅಯ್ಯೋ, ಇಲ್ಲಿ ಒಂದು ಸ್ವರ ತಪ್ಪು ನುಡಿಸಿದ್ದೀನಿ" ಅಂದ. ಇಷ್ಟು ದಿನ ಅವನಿಗೂ ಕೇಳಿಸಿರಲಿಲ್ಲ.

ಮಾಸ್ಟರಿಂಗ್ ನಿಂತಿತು. ಅಕ್ಕ ಖುಷಿಯಾದಳು. ನಾನು ಬೆಂಗಳೂರಿಗೆ ವಾಪಸ್ ಬಂದು ಗಿಟಾರ್ ಹುಡುಗನಿಗೆ ಒಂದು ಮೆಸೇಜ್ ಮಾಡಿದೆ. "ಎಲ್ಲರ ಮುಂದೆ ಹೇಳಿದ್ದು ನನ್ನ ತಪ್ಪು. 0:48ರ ರಿಫ್ ನಿನ್ನದಂತೆ. ಇನ್ನೂ ತಲೆಯಲ್ಲಿದೆ." ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇನ್ನೂ ಏನೋ ಬರೆಯೋಣ ಅನ್ನಿಸಿತು. ಬರೆಯಲಿಲ್ಲ.

ಹನ್ನೊಂದು ದಿನ ಆದಮೇಲೆ ರಾತ್ರಿ ಒಂದು ಗಂಟೆಗೆ ಅವನಿಂದ ಒಂದು ಫೈಲ್ ಬಂತು. ನಲವತ್ತು ಸೆಕೆಂಡು, ಬರೀ ಗಿಟಾರು. ಜೊತೆಗೆ ಒಂದಕ್ಷರ ಇಲ್ಲ. ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಪುಟ್ಟ ಡಬ್ಬಿಯಲ್ಲಿ ಕೇಳಿದೆ. ಬಾವಿ ಇರಲಿಲ್ಲ. ತಂತಿ ಬಿಗಿಯಾಗಿತ್ತು. ಆಮೇಲೆ ಹೆಡ್‌ಫೋನ್ ಹಾಕಿದೆ. ಎಡಗಡೆ ಒಬ್ಬ, ಬಲಗಡೆ ಇನ್ನೊಬ್ಬ ನುಡಿಸಿದ ಹಾಗಿತ್ತು. ಬಲಗಡೆಯವನು 0:23ರಲ್ಲಿ ಒಂದು ಸ್ವರ ಜಾರಿದ್ದ.

"0:23" ಅಂತ ಬರೆದೆ.

"ಗೊತ್ತು ಅಂಕಲ್. ಬೆಳಗ್ಗೆ ಮತ್ತೆ ನುಡಿಸ್ತೀನಿ."